ಇಪ್ಪತ್ಮೂರು ಕಿಲೋ

ಊರಿನ ಹೆಸರು ಆಂಜೆ ಅಂದೆ.
ಹಂಜಿನಾ ಮೇಡಂ? ಅಂದ ಕೊಟ್ರೇಶ.
ಮಿಲ್ಲು ಮುಚ್ಚಿ ಇಷ್ಟು ವರ್ಷವಾದರೂ
ಅವರ ಮನೆಯಲ್ಲಿ ಇನ್ನೂ ಹತ್ತಿಯದೇ ಮಾತು.
ಹನ್ನೊಂದು ಜನ ನಕ್ಕರು. ನಾನೂ.
ಬೋರ್ಡಿನ ಮೇಲೆ ಬರೆದು ತೋರಿಸಿದೆ:
ಕೊನೆಯ ಎರಡಕ್ಷರ ಕಾಣುತ್ತವೆ, ಕೇಳಿಸುವುದಿಲ್ಲ.

ಶುಕ್ರವಾರ ಮೂರು ಗಂಟೆ, ದಾವಣಗೆರೆಯ ಏಪ್ರಿಲ್,
ಹದಿನಾಲ್ಕನೇ ಕೊಠಡಿ. ತಿರುಗುವ ಫ್ಯಾನು ಒಂದೇ,
ಅದೂ ನನ್ನ ತಲೆಯ ಮೇಲೆ.
ಒಂದು ಸೆಮಿಸ್ಟರು, ಎರಡು ಸೀಟು.
ಏನಿದ್ದರೂ ಕೇಳಿ ಅಂದದ್ದೇ ತಪ್ಪಾಯಿತು.

ಅಲ್ಲಿ ತಗೊಂಡ ಮಾರ್ಕ್ಸು ಇಲ್ಲಿ ಕಾರ್ಡಿಗೆ ಬರ್ತಾವಾ?
ಬರುತ್ತವೆ, ತಡವಾಗಿ.
ಚಾರ್ಜರ್ ಹಿಡಿಸ್ತದಾ ಗೋಡೆಗೆ?
ಎರಡು ಕಡ್ಡಿಯದು ಹಿಡಿಸೀತು, ಮೂರು ಕಡ್ಡಿಯದು ಮನೆಯಲ್ಲೇ ಬಿಡಿ.
ವೀಸಾಕ್ಕೆ ಬೆಂಗಳೂರಾಗೆ ಬೆಳಿಗ್ಗೆ ಎಂಟಕ್ಕೆ ಬಾ ಅಂದ್ರೆ
ರಾತ್ರಿ ಬಸ್ಸಾ, ಟ್ರೈನಾ?
ಬಸ್ಸು. ಮುಖ ತೊಳೆಯಲು ಹೊತ್ತು ಬೇಕು.
ಬ್ಯಾಂಕಲ್ಲಿ ದುಡ್ಡು ತೋರಿಸ್ಬೇಕಂತಲ್ಲ ಮೇಡಂ,
ತೋರಿಸಿದ್ಮೇಲೆ ವಾಪಸ್ ತೆಗೀಬಹುದಾ?
ಇದನ್ನು ಕೇಳಿದವನು ಓಬಳೇಶ, ಬಹಳ ಮೆತ್ತಗೆ.
ಉತ್ತರವನ್ನು ನಾನೂ ಮೆತ್ತಗೇ ಹೇಳಿದೆ.
ರೂಮಿನ ಬಾಡಿಗೆಗೆ ಜಾಮೀನು ಬೇಕಂತೆ,
ಅಲ್ಲಿ ನಮ್ಮೋರು ಅಂತ ಯಾರದಾರೆ?
ಓನರಮ್ಮಗೆ ನೀವು ಅನ್ಬೇಕಾ ನೀನು ಅನ್ಬೇಕಾ?
ನೀವು. ಸಾಕು ಬಿಡು ಎಂದು ಆಕೆಯೇ ಹೇಳುವತನಕ ನೀವು.
ತೊಂಬತ್ತೊಂಬತ್ತಕ್ಕೆ ಏನಂತಾರೆ?
ನಾಲ್ಕಿಪ್ಪತ್ತು ಹತ್ತೊಂಬತ್ತು.
ಅಷ್ಟೊತ್ತಿಗೆ ಎಪಿಎಂಸಿ ಹರಾಜೇ ಮುಗಿದಿರ್ತದೆ ಬಿಡ್ರಿ.

ಮಂಡಕ್ಕಿ ಹೆಣ್ಣಾ ಗಂಡಾ ಅಲ್ಲಿ? ತಸ್ಮಿಯಾ.
ನಮ್ಮಲ್ಲಿ ಅದು, ಅದು ಅಷ್ಟೆ.
ಆ ಭಾಷೆಯಲ್ಲಿ ಅದು ಎಂಬುದೇ ಇಲ್ಲ,
ಮೇಜು ಅವಳು, ಚಾಕು ಅವನು.
ಅಕ್ಕಿ ಅವನಾದ್ದರಿಂದ
ಮಂಡಕ್ಕಿಯೂ ಅವನೇ ಇರಬೇಕು ಅಂದೆ.
ಹುರಿಯೋದು ಅಮ್ಮ, ಅವನು ಹೆಂಗಾದ? ಅಂದಳು.

ಅಮ್ಮ ಕೊನೆಯ ಬೆಂಚಿನಲ್ಲಿದ್ದರು,
ಆಜಾದ್ ನಗರದ ಭಟ್ಟಿಯಿಂದ ನೇರ ಬಂದವರು.
ಬುರ್ಖಾದ ತೋಳಿನಂಚಿಗೆ ಬೂದಿ,
ಬೆರಳಿಗೆ ಕಾದ ಮರಳಿನ ಹಳೆಯ ಗುರುತು.
ಮಕ್ಕಳ ಪ್ರಶ್ನೆ ಮುಗಿಯಲೆಂದು ಕಾದು ಎದ್ದರು.
ವಿಮಾನ್ದಾಗೆ ಸಾಮಾನು ಎಷ್ಟು ಬಿಡ್ತಾರೆ?
ಇಪ್ಪತ್ಮೂರು ಕಿಲೋ.
ಕಣ್ಣು ಮುಚ್ಚಿ ಲೆಕ್ಕ ಹಾಕಿದರು.
ಮೂರು ಚೀಲ ಮಂಡಕ್ಕಿ, ಅಂದರು.
ಆಟೋದಾಗೆ ಮನುಷ್ಯರಿಗೆ ಜಾಗ ಇರಲ್ಲ.
ಆಮೇಲೆ, ಕೂರುವ ಮೊದಲು,
ನೀವು ಹೋದಾಗ ಮೇಡಂ,
ಮೊದಲನೇ ರಾತ್ರಿ ನಿದ್ದೆ ಬಂತಾ?

ಹತ್ತೊಂಬತ್ತು ವರ್ಷದಿಂದ ಈ ಭಾಷೆ ಕಲಿಸುತ್ತಿದ್ದೇನೆ.
ಒಮ್ಮೆ ಪಾಸ್‌ಪೋರ್ಟ್ ಮಾಡಿಸಿದ್ದೆ,
ಒಂದು ಮುದ್ರೆಯೂ ಬೀಳದೆ ಅದರ ಅವಧಿ ತೀರಿತು.
ಟ್ರಾಮಿನ ಟಿಕೇಟು ಎಲ್ಲಿ ಒತ್ತಬೇಕು,
ಬ್ರೆಡ್ಡು ಕೇಳುವ ಮುನ್ನ ನಮಸ್ಕಾರ ಯಾಕೆ ಹೇಳಬೇಕು,
ಎಲ್ಲ ಮೂರನೇ ಪಾಠದ ಕ್ಯಾಸೆಟ್ಟಿನಿಂದ ಗೊತ್ತು.
ಆ ಕ್ಯಾಸೆಟ್ಟಿನಲ್ಲಿ ಯಾರೂ ಮಲಗುವುದಿಲ್ಲ.

ಇಲ್ಲ, ಅಂದೆ.
ನಿದ್ದೆ ಬರಲಿಲ್ಲ ಎಂದೋ ನಾನು ಹೋಗಿಲ್ಲ ಎಂದೋ
ಅವರು ಯಾವುದನ್ನು ಕೇಳಿಸಿಕೊಂಡರೋ ತಿಳಿಯದು.
ನಂಗೂ ಬರಲ್ಲ ಹಂಗಾದ್ರೆ, ಅಂದರು,
ಅರ್ಜಿಗೆ ಸಹಿ ಹಾಕಲು ಪೆನ್ನು ಕೇಳಿದರು.
ನನ್ನದು ಬರೆಯಲಿಲ್ಲ. ಓಬಳೇಶ ತನ್ನದು ಕೊಟ್ಟ.

ಅಷ್ಟರಲ್ಲಿ ಕೊಟ್ರೇಶ ಮತ್ತೆ ಕೈಯೆತ್ತಿದ.
ಭಾನುವಾರ ಅಂಗಡಿ ಇರಲ್ಲ ಅಂದ್ರಲ್ಲ,
ಶನಿವಾರ ಎಷ್ಟೊತ್ತಿಗೆ ಬಾಗಿಲು ಹಾಕ್ತಾರೆ?
ಹಾಜರಿ ಪುಸ್ತಕದ ಹಿಂದೆ, ಸೀಮೆಸುಣ್ಣದಲ್ಲೇ
ಗುರುತು ಹಾಕಿಕೊಂಡೆ.
ಕೇಳಿ ಹೇಳುತ್ತೇನೆ.