ಬಿಡುವ ಗಂಜಿ

ಗುದ್ದಲಿ ತಾಗಿ ಸೀಳಿದ ಆಲೂಗಡ್ಡೆ, ಯಾರೂ ಕೊಳ್ಳದ್ದು,
ಹಾಸನದಲ್ಲಿ ಕೇಳಿದಷ್ಟು ಸಿಗುತ್ತದೆ.
ಎರಡು ಕೆಜಿ ತುರಿದು, ಬಟ್ಟೆಯಲ್ಲಿ ಹಿಂಡಿ,
ಬಕೆಟ್ಟಿನ ತಳದಲ್ಲಿ ಬಿಳಿ ಕೂರುವ ತನಕ ಕಾಯುವುದು.
ನನ್ನ ಸಂಶೋಧನೆಯ ಮೊದಲ ಅಧ್ಯಾಯ ಇಷ್ಟೇ.

"ಇದಕ್ಕೂ ಡಾಕ್ಟರ್ ಅಂತಾರಾ?" ಅಂದ ಅಪ್ಪ,
ಸಾಲಗಾಮೆ ರಸ್ತೆಯ ಹೊಂಗೆ ಮರದಡಿ
ಕೆಂಡದ ಪೆಟ್ಟಿಗೆ ಹಿಡಿದು
ಊರಿನ ಅರ್ಧ ಕಾಲರುಗಳನ್ನು ನಿಲ್ಲಿಸಿದವನು.

ಅಂತಾರೆ. ಆದರೆ ಆಮೇಲಿನದು ಕತ್ತಲ ಕೆಲಸ.
ಫ್ಲಾಸ್ಕಿಗೆ ಬೆಳ್ಳಿ ಕಾಗದ ಸುತ್ತಿ
ಹನಿ ಹನಿ ಪೆರಿಯೋಡೇಟ್.
ಪಿಷ್ಟವೆಂದರೆ ಸಕ್ಕರೆಯ ಉಂಗುರಗಳ ಸರಪಳಿ;
ಅಲ್ಲೊಂದು ಇಲ್ಲೊಂದು ಉಂಗುರ ಬಾಯಿ ಬಿಡುತ್ತದೆ,
ಬಿಟ್ಟ ತುದಿಗಳು ಎರಡು ಕೈ.
ಔಷಧದ ಅಣು ಹತ್ತಿರ ತಂದರೆ
ಗಪ್ಪನೆ ಹಿಡಿಯುತ್ತವೆ.
ಹಿಡಿದವೆನ್ನಲು ಗುರುತು: ನೀರು ತೆಳ್ಳಗೆ ಹಳದಿಯಾಗುವುದು.
ಆ ಹಳದಿ ಕಂಡ ದಿನ ಮುಬೀನಾ, ನಾನು
ಕ್ಯಾಂಟೀನಿಗೆ ಹೋಗಿ ಒಂದೇ ವಡೆ ಹಂಚಿಕೊಂಡೆವು.
ತಿಂಗಳ ಕೊನೆ.

ಅಂಟದೆ ಉಳಿದದ್ದನ್ನು ತೊಳೆಯಬೇಕು:
ಪೊರೆಯ ಚೀಲ, ಎರಡೂ ಕಡೆ ಗಂಟು, ಮೂರು ದಿನ ನೀರು ಬದಲಿಸಿ
ಜಾಲಿಸಿದೆ.
ಜಾಲಿಸುವುದು ನಮ್ಮ ಮನೆತನದ ವಿದ್ಯೆ,
ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.
ಒಣಗಿಸುವ ಯಂತ್ರ ಮಾತ್ರ ಇಲ್ಲಿಲ್ಲ. ಥರ್ಮೋಕೋಲ್ ಡಬ್ಬ
ಮೈಸೂರು ಬಸ್ಸಿನ ಕಂಡಕ್ಟರ ತೊಡೆಯ ಮೇಲೆ ಹೋಗಿ ಬಂತು.

"ಗಂಟು ಸಡಿಲ," ಅಂದರು ವೇದಾವತಿ ಮೇಡಂ,
"ಬೋರೋಹೈಡ್ರೈಡ್ ಹಾಕಿ ಬಿಗಿ ಮಾಡು."
ಮಾಡಿದೆ. ಎಷ್ಟು ಬಿಗಿಯೆಂದರೆ
ತಟ್ಟೆಯಲ್ಲಿ ಬ್ಯಾಕ್ಟೀರಿಯಾ ನನ್ನ ಬಿಲ್ಲೆಯ ಅಂಚಿನವರೆಗೂ
ನೆಂಟರ ಹಾಗೆ ಬಂದು ಕೂತವು.
ಔಷಧ ಒಳಗೇ ಇತ್ತು. ಒಳಗೇ ಉಳಿಯಿತು.

ಉಣ್ಣುವಾಗ ಹೇಳಿಕೊಂಡೆ. ಅಪ್ಪ ಮುದ್ದೆ ಮುರಿಯುತ್ತ
ತಲೆಯೆತ್ತದೆ ಅಂದ:
"ಬಿಡದೇ ಇರೋದು ಗಂಜಿ ಅಲ್ಲ ಕಣವ್ವ, ಗೋಂದು.
ಮೈಮ್ಯಾಲೆ ಇರೋಗಂಟ ನಿಲ್ಲಬೇಕು,
ನೀರು ಕಂಡ್ರೆ ಬಿಡಬೇಕು.
ಅಷ್ಟೂ ಗೊತ್ತಿಲ್ವಾ ನಿಮ್ಮ ಮೇಡಮ್ಮಂಗೆ?"

ಗಾಯವೂ ಒದ್ದೆಯೇ. ಕೆಟ್ಟ ಗಾಯ ಕೆಲವೊಮ್ಮೆ ಹುಳಿ ಕೂಡ.
ಸಡಿಲ ಗಂಟನ್ನು ಸಡಿಲವಾಗಿಯೇ ಬಿಟ್ಟೆ.
ಬೆಳಗ್ಗೆ ತಟ್ಟೆ ತೆರೆದರೆ
ಬಿಲ್ಲೆಯ ಸುತ್ತ ತಿಳಿಯಾದ ಒಂದು ಬಯಲು.
ಅಳೆದೆವು: ಹದಿನಾಲ್ಕು ಮಿಲಿಮೀಟರ್.
ಮುಬೀನಾ ಇನ್ನೊಮ್ಮೆ ಅಳೆದಳು.

ಆ ವಾರವೇ ಪೆಟ್ಟಿಗೆಯ ಕೆಂಡ ಸಿಡಿದು
ಅಪ್ಪನ ಮಣಿಕಟ್ಟಿನಲ್ಲಿ ಬೊಬ್ಬೆ.
"ಹಚ್ಚು ನಿನ್ನದನ್ನ," ಎಂದು ಕೈ ಚಾಚಿದ.
ಇಲ್ಲಪ್ಪ, ಇನ್ನೂ ಇಲಿಗೇ ಹಚ್ಚಿಲ್ಲ,
ಇಲಿಗೆ ಹಚ್ಚಲು ಸಮಿತಿ ಸೇರಬೇಕು,
ಸಮಿತಿ ಮುಂದಿನ ತಿಂಗಳಿಗೆ ಹೋಗಿದೆ.

ಸಮಿತಿ ಸೇರುವ ಹೊತ್ತಿಗೆ ಅವನ ಕೈಯಲ್ಲಿ
ನಯವಾದ, ನಸುಗೆಂಪು ಕಲೆ.
"ಆ ಬಕೆಟ್ಟಿನ ತಳದ್ದು ಮಿಕ್ಕಿದ್ರೆ ತಾ," ಅಂದ,
"ವಕೀಲರ ಅಂಗಿ ಬಂದೈತೆ."