ಒಂದು ಚಮಚ ಕಡಿಮೆ

ಮೂವತ್ತೆಂಟು ವರ್ಷ ಉಪ್ಪು ಎಳೆದವನು ನನ್ನ ಅಬೀಲಿಯು,
ಅವೇರೊ ಊರಾಚೆಯ ಗದ್ದೆಗಳಲ್ಲಿ, ಅಟ್ಲಾಂಟಿಕ್ ಗಾಳಿಗೆ ಬೆನ್ನು ಕೊಟ್ಟು,
ಬರಿಗಾಲಲ್ಲಿ, ಉದ್ದ ಹಿಡಿಯ ಮರದ ಗೋರುಮಣೆ ಹಿಡಿದು.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಒಪ್ಪಿದೆ.
ಆದರೆ ಗದ್ದೆ ಬಿಟ್ಟು ಆರು ವರ್ಷವಾದ ಮೇಲೆ
ರಾತ್ರಿ ಮೂರು ಸಲ ಎದ್ದು ಹೂಜಿ ಬರಿದು ಮಾಡುವುದೆಂದರೆ?
ಡಾಕ್ಟರ್ ಹುಡುಗಿ ಕಾಗದದಿಂದ ತಲೆಯೆತ್ತದೆ ಅಂದಳು:
ಉಪ್ಪಲ್ಲಜ್ಜಿ, ಸಕ್ಕರೆ.

ಅವನಿಗೆ ಅವಮಾನವಾಯಿತು, ಕಾಯಿಲೆಗಿಂತ ಹೆಚ್ಚಾಗಿ.
ಉಪ್ಪಿನ ಋಣದಲ್ಲಿ ಬೆಳೆದ ಮೈಗೆ
ಮಿಠಾಯಿ ಅಂಗಡಿಯವನ ರೋಗ!

ಭಾನುವಾರ ನಮ್ಮಲ್ಲಿ ಹಾಲಲ್ಲಿ ಬೆಂದ ಅನ್ನದ ಸಿಹಿ.
ಅತ್ತೆ ಗ್ರಾಸಿಂಡಾ ಬಿಟ್ಟುಹೋದ ಲೆಕ್ಕ ಒಂದೇ:
ಅಂಚು ಚಕ್ಕೆಯೆದ್ದ ನೀಲಿ ಲೋಟದಲ್ಲಿ
ಅಕ್ಕಿ ಎಷ್ಟೋ ಸಕ್ಕರೆ ಅಷ್ಟು.
ಆ ಲೋಟ ಹನ್ನೆರಡು ಚಮಚ ಹಿಡಿಯುತ್ತದೆ.
ನಾನು ಎಣಿಸಿದ್ದು ಆ ಸೆಪ್ಟೆಂಬರಿನಲ್ಲೇ ಮೊದಲು.

ಹೇಳಲಿಲ್ಲ ಅವನಿಗೆ. ಹೇಳಿದರೆ ಅದು ಪಥ್ಯ.
ಹೇಳದಿದ್ದರೆ ಭಾನುವಾರ.

ಮೊದಲ ವಾರ ಒಂದು ಚಮಚ ಕದ್ದೆ,
ತಕ್ಕಡಿಗೆ ಹೆಬ್ಬೆರಳು ಒತ್ತುವವನ ಹಾಗೆ, ಎದೆ ಢವಢವ.
ತಿಂದ, ಬಟ್ಟಲು ಕೆರೆದ, ನಿದ್ದೆಹೋದ.
ಎರಡು ವಾರ ಬಿಟ್ಟು ಇನ್ನೊಂದು.

ಕದ್ದ ಜಾಗದಲ್ಲಿ ಏನಾದರೂ ಇಡಬೇಕಲ್ಲ:
ನಿಂಬೆ ಸಿಪ್ಪೆ, ಒಳಗಿನ ಬಿಳಿ ತಾಗದಂತೆ ಹೆರೆದದ್ದು;
ದಾಲ್ಚಿನ್ನಿಯ ಒಂದು ಮುರುಕು;
ಅವನದೇ ಗದ್ದೆಯ ಉಪ್ಪು, ಎರಡು ಹರಳು.
ಉಪ್ಪು ಬಿದ್ದರೆ ಸಿಹಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ.
ಮತ್ತೆ ಹೊತ್ತು. ಮುಖ್ಯ ಅದೇ.
ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಹೆಚ್ಚಿಗೆ ಕೈಯಾಡಿಸಿದರೆ
ಹಾಲು ತನ್ನಲ್ಲಿದ್ದ ಸಿಹಿಯನ್ನು ತಾನೇ ಒಪ್ಪಿಕೊಳ್ಳುತ್ತದೆ.
ಸಕ್ಕರೆ ಅವಸರದವರ ಸಾಮಾನು ಎಂದು
ಎಪ್ಪತ್ತೊಂದನೇ ವಯಸ್ಸಿಗೆ ತಿಳಿಯಿತು, ಮೊಣಕೈ ನೋವಿನ ಸಮೇತ.

ನವೆಂಬರಿನಲ್ಲಿ ದುರಾಸೆಗೆ ಬಿದ್ದು ಮೂರು ಚಮಚ ಒಟ್ಟಿಗೆ ಎಗರಿಸಿದೆ.
ಅಬೀಲಿಯು ಬಟ್ಟಲು ನೋಡಿದ, ನನ್ನನ್ನು ನೋಡಿದ.
"ಯಾರು ಸತ್ತರು?" ಅಂದ.
ನಾದಿನಿ ಜುಲ್ಮೀರಾ ಮೂಗು ಮುರಿದು
"ಆಸ್ಪತ್ರೆ ಗಂಜಿ" ಎಂದು ತನ್ನದನ್ನು ದೂಡಿದಳು.
ಎರಡು ಚಮಚ ಹಿಂದಕ್ಕೆ ಕೊಟ್ಟೆ. ಕಳ್ಳರಿಗೂ ಮರ್ಯಾದೆಯಿದೆ.

ಬದಲಿಗೆ ಮೇಲಿನ ಚಿತ್ತಾರಕ್ಕೆ ಕೈ ಹಾಕಿದೆ.
ದಾಲ್ಚಿನ್ನಿ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು, ರಂಗೋಲಿ ಎಳೆಯುವಂತೆ,
ಮೊದಲು ಅತ್ತೆಯ ಕಾಲದ ಚೌಕುಳಿ,
ಆಮೇಲೆ ಕತ್ತೆತ್ತಿದ ದೋಣಿ, ಉಪ್ಪಿನ ಗುಪ್ಪೆ,
ಒಂದು ವಾರ ಒಂಟಿಕಾಲಿನ ಕೊಕ್ಕರೆ.
ಅವನದನ್ನು ಬಾತುಕೋಳಿ ಅಂದ.

ಮರುವರ್ಷ ಅಕ್ಟೋಬರು. ಲೆಕ್ಕ ಐದು ಚಮಚಕ್ಕೆ ಇಳಿದಿತ್ತು.
ಸುತ್ತಿಗೆ ಹುಡುಕುತ್ತ ಹಿತ್ತಿಲ ಶೆಡ್ಡಿಗೆ ಹೋದವಳಿಗೆ
ಬಿಸ್ಕತ್ತಿನ ಡಬ್ಬಿ ಸಿಕ್ಕಿತು, ಬಿಸ್ಕತ್ತಿನದಲ್ಲದ ಭಾರ.
ಒಳಗೆ ಕಾಫಿ ಅಂಗಡಿಯ ಸಕ್ಕರೆ ಪೊಟ್ಟಣಗಳು,
ಕಪ್ಪಿನ ಪಕ್ಕ ಸಾಸರಿನಲ್ಲಿಟ್ಟು ಕೊಡುವಂಥವು,
ಮುನ್ನೂರರ ಹತ್ತಿರ, ಒಡೆಯದವು,
ಪ್ರತಿಯೊಂದರ ಮೇಲೂ ಬಡಗಿ ಪೆನ್ಸಿಲ್ಲಿನ ತಾರೀಖು.
ಮೊದಲನೆಯದು ನನ್ನ ಮೊದಲ ಕಳವಿಗಿಂತ ಐದು ದಿನ ಹಿಂದಿನದು.
ಮೂರು ಮಾತ್ರ ಹರಿದು ಖಾಲಿ:
ಅವನ ತಮ್ಮ ಸಿಲ್ವಿನೊನನ್ನು ಮಣ್ಣುಮಾಡಿದ ವಾರ.
ಆ ಭಾನುವಾರ ನಾನೂ ನೀಲಿ ಲೋಟ ತುಂಬ ಸುರಿದಿದ್ದೆ.

ಡಬ್ಬಿಯನ್ನು ಮೇಜಿನ ಮೇಲಿಟ್ಟೆ.
ಅವನು ಕನ್ನಡಕ ಒರೆಸಿಕೊಂಡ, ಬಹಳ ಹೊತ್ತು.
"ಉಪ್ಪಿನವನ ನಾಲಗೆ, ದೆಯೊಲಿಂಡಾ.
ಮೊದಲ ಚಮಚಕ್ಕೇ ಗೊತ್ತಾಗಿತ್ತು."
ಮತ್ತೆ ಯಾಕೆ ಬಾಯಿಬಿಡಲಿಲ್ಲ?
"ಬಿಟ್ಟಿದ್ದರೆ ನೀನು ದೋಣಿ ಬರೆಯುತ್ತಿರಲಿಲ್ಲ."

ಹೊರಗೆ ಕ್ವಿನ್ಸ್ ಮರದಡಿ ಹಣ್ಣು ಉದುರಿ ಹಳದಿ ಹಾಸಿತ್ತು.
ಇಷ್ಟೊಂದು ಸಕ್ಕರೆ ಏನು ಮಾಡಲಿ, ಚೆಲ್ಲಲು ಮನಸ್ಸು ಬಾರದು.
ಅವನೇ ಅಂದ, ಪೊಟ್ಟಣ ಒಂದೊಂದಾಗಿ ಹರಿಯುತ್ತ:
"ಹಣ್ಣಿನ ಹಲ್ವ ಕಾಸು, ಗಟ್ಟಿಯಾಗಿ.
ಜುಲ್ಮೀರಾಳಿಗೆ ಕಳಿಸೋಣ."