ಹೆಬ್ಬೆಟ್ಟಿಗೆ ಒಗ್ಗಿದ್ದು

ಎಂಟು ವರ್ಷ ಬಾಳಿದ್ದು. ಬೆನ್ನಿಗೆ ರಬ್ಬರ್ ಬ್ಯಾಂಡು,
ಐದರ ಗುಂಡಿ ಸವೆದು ಬೋಳು.
ತೂಬಿನ ಚಕ್ರ ತಿರುಗಿಸಲು ಬಗ್ಗಿದಾಗ
ಅಂಗಿ ಜೇಬಿನಿಂದ ಜಾರಿ ನಾಲೆಗೆ ಬಿತ್ತು.
ಬೀಳುವಾಗ ರಿಂಗಾಗುತ್ತಿತ್ತು.
ನೀರೊಳಗೆ ಹಸಿರು ಬೆಳಕು ಒಂದು ಗಳಿಗೆ
ಮೀನಿನ ಹಾಗೆ ಓಡಾಡಿ
ಆಮೇಲೆ ಬರೀ ನೀರು.
ಆ ಕರೆ ಇಂಜಿನಿಯರ್ರದೋ,
ಕೆಳಗಿನೂರಿನ ಕೆಂಪಯ್ಯನದೋ, ಇವತ್ತಿಗೂ ಗೊತ್ತಿಲ್ಲ.

ಮಾರನೆಯ ದಿನ ಪಾಂಡವಪುರದಲ್ಲಿ ಬಸ್ಸು ಹತ್ತಿ ಮಂಡ್ಯಕ್ಕೆ ಹೋದೆ.
ಅಂಗಡಿಯೊಳಗೆ ಎ.ಸಿ. ಚಳಿ.
ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಅಂತ ನಿಂತವನನ್ನು
ಹುಡುಗನೊಬ್ಬ ಕೈಹಿಡಿದು ಒಳಗೆ ಕರೆದ.
ಯತಿರಾಜ ಅಂತ ಎದೆ ಮೇಲೆ ಬರೆಸಿಕೊಂಡಿದ್ದ.
"ಎಂಥದ್ದು ಬೇಕು ಯಜಮಾನ್ರೆ?"
"ಕೂಗಿದ್ರೆ ಕೇಳ್ಬೇಕು ಕಣಪ್ಪ, ನೀರಿನ ಸದ್ದಿನ ಮೇಲೆ."

ಒಂದನ್ನು ತೆಗೆದ. ಬೆನ್ನಲ್ಲಿ ಮೂರು ಕಣ್ಣು.
ಶಿವನಿಗೂ ಅಷ್ಟೇ ಇರೋದು ಅಂದೆ. ನಾಲ್ಕು ಕಣ್ಣಿಂದು ತಂದ.
ಇನ್ನೊಂದು ವೀಳ್ಯದೆಲೆ ಹಾಗೆ ಮಡಚುತ್ತಿತ್ತು;
ಅದರ ಬೆಲೆಗೆ ಒಂದು ಜೊತೆ ಹಳ್ಳಿಕಾರ್ ಕರು ಬರುತ್ತವೆ,
ಇನ್ನೂ ಹಲ್ಲು ಹಾಕದವು, ಮೂಗುದಾರ ಸಮೇತ.
ಪಕ್ಕದಲ್ಲೊಬ್ಬ ಹೋದ ವರ್ಷದ್ದನ್ನು ಕೊಟ್ಟು
ಈ ವರ್ಷದ್ದನ್ನು ಕೊಳ್ಳುತ್ತಿದ್ದ.
ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ.
ಇದು ಹೊಸದು, ಅಂದ.

"ಕಂತಿದೆ, ತಿಂಗಳಿಗಿಷ್ಟೇ. ಒಂದ್ಸಲ ಮುಟ್ಟಿ ನೋಡಿ."
ಮುಟ್ಟಿದೆ. ಅದು ನನ್ನ ಹೆಬ್ಬೆಟ್ಟು ಕೇಳಿತು.
ಒತ್ತಿದೆ. ಮತ್ತೆ ಒತ್ತು ಅಂತು. ಪಂಚೆಗೆ ಒರೆಸಿ ಒತ್ತಿದೆ.
ಮೂವತ್ತೊಂದು ವರ್ಷ ತೂಬಿನ ಚಕ್ರಕ್ಕೆ ತಿಕ್ಕಿ ತಿಕ್ಕಿ
ಗೆರೆಯೆಲ್ಲ ಕಬ್ಬಿಣಕ್ಕೆ ಕೊಟ್ಟುಬಿಟ್ಟಿದ್ದೀನಿ.
ರೇಷನ್ ಅಂಗಡಿ ಮಿಷನ್ನೂ ಹೀಗೇ, ನೀನಲ್ಲ ಅನ್ನುತ್ತದೆ,
ಹೆಂಡತಿ ಬಂದು ತನ್ನ ಬೆರಳು ಕೊಟ್ಟು ಅಕ್ಕಿ ತರುತ್ತಾಳೆ.
ಅಷ್ಟು ದುಡ್ಡು ಸುರಿದು ತಂದದ್ದಕ್ಕೂ
ನಾನು ನಾನೇ ಅಂತ ದಿನಾ ರುಜುವಾತು ಮಾಡಬೇಕಾ?

ಆದರೂ, ಹುಣಸೂರಿಗೆ ಕೊಟ್ಟ ಮಗಳು ಚೆಲುವಾಜಿ ಹೇಳಿದ್ದಳು:
"ಮುಖ ಕಾಣೋದೇ ತಗೊಳಪ್ಪ, ಮಗ ನಗೋದು ನೋಡ್ಬೋದು."
ಆ ಮಾತೊಂದೇ ಗಂಟಲಲ್ಲಿ ಮೀನಿನ ಮುಳ್ಳು.
ಮುಖ ಕಾಣೋದರಲ್ಲೇ ಅಗ್ಗದ್ದು ಕೇಳಿದೆ.
"ದಿನಾ ಚಾರ್ಜ್ ಹಾಕ್ಬೇಕು," ಅಂದ ಯತಿರಾಜ, ಸುಳ್ಳು ಹೇಳದೆ.
ತೂಬಿನ ಗುಡಿಸಲಿಗೆ ಕರೆಂಟಿಲ್ಲ.
ಕಟ್ಟು ನೀರು ಬಿಟ್ಟ ವಾರ ಮೂರು ನಾಲ್ಕು ರಾತ್ರಿ ಅಲ್ಲೇ.
ಎರಡು ಗಂಟೆಗೆ ಕರೆ ಬರುತ್ತದೆ:
ಮಟ್ಟ ಏರಿದೆ, ಅರ್ಧ ಅಡಿ ಇಳಿಸು.
ಇಳಿಸದಿದ್ದರೆ ಯಾರದೋ ನಾಟಿ ಮುಳುಗುತ್ತದೆ.

ಕಡೆಗೆ ಬಂದದ್ದು ಕೆಳಗಿನ ಖಾನೆಯಿಂದ.
ಒಂದಚ್ಚು ಬೆಲ್ಲದಷ್ಟು ಗಾತ್ರ, ಸಾವಿರದ ಆರುನೂರೈವತ್ತು.
ದಪ್ಪ ಗುಂಡಿ, ತಲೆಯಲ್ಲಿ ಟಾರ್ಚು,
ಒದ್ದೆ ಬೆರಳಿಗೆ ಮುನಿಯುವುದಿಲ್ಲ.
ರಿಂಗು ಮಾಡಿಸಿದೆ. ಗಾಜಿನ ಮೇಲಿದ್ದ ದೊಡ್ಡವೆಲ್ಲ
ಬೆಚ್ಚಿದ ಹಾಗಾಯಿತು.
"ಹಳೇದೇನಾಯ್ತು?"
"ನಾಲೆ ತಗೊಂತು."
ಕುತ್ತಿಗೆಗೆ ಹಾಕಿಕೊಳ್ಳಿ ಅಂತ ಒಂದು ಕೆಂಪು ದಾರ ಕೊಟ್ಟ,
ಅದಕ್ಕೆ ಕಾಸು ತಗೊಳ್ಳಲಿಲ್ಲ.

ಚೆಲುವಾಜಿ ವಾರ ಮಾತಾಡಲಿಲ್ಲ.
ಆಮೇಲೊಂದು ಬೆಳಗಿನ ಜಾವ,
ಇನ್ನೂ ತೂಬಿನ ಮೇಲೇ ಇದ್ದೆ, ಎದೆ ಮೇಲೆ ಕೂಗಿತು.
"ಹಲ್ಲು ಬಂದದೆ ಅಪ್ಪ. ಈಗ ನಿಂಗೆ ತೋರ್ಸದು ಹೆಂಗೆ?"
ಸುಮ್ಮನಿದ್ದೆ. ನಾಲೆ ಒಂದೇ ಸಮ ಹರಿಯುತ್ತಿತ್ತು.
"ಇರು," ಅಂದಳು. ಏನೋ ಸದ್ದು, ಮಗುವಿನ ಕೊಸರಾಟ,
ಆಮೇಲೆ ಸ್ಟೀಲ್ ಲೋಟದ ಅಂಚಿಗೆ
ಟಿಣ್.
ಇನ್ನೊಂದ್ಸಲ ಅಂದೆ, ಕಿವಿಗೆ ಒತ್ತಿ ಹಿಡಿದು.
ಟಿಣ್.

ಗೇಟು ಇಳಿಸುವುದು ಒಂದು ನಿಮಿಷ ತಡವಾಯಿತು.
ಕೆಂಪಯ್ಯನ ಗದ್ದೆಗೆ ಆವತ್ತು
ಎರಡು ಬೊಗಸೆ ಹೆಚ್ಚೇ ಹೋಗಿರಬೇಕು.